ಕಾಫಿ ಕಣದ ಗಾಲಿಕುರ್ಚಿಯಲ್ಲಿ ಕಲಿತ ಯೋಗ

ನನಗೆ ಯೋಗ ಕಲಿಸಿದವರು ಒಂದು ದಿನವೂ ನನ್ನನ್ನು ಮುಟ್ಟಲಿಲ್ಲ. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ, ನನ್ನ ಗಾಲಿಕುರ್ಚಿಯಿಂದ ಮೂರು ನಾಲ್ಕು ಮಾರು ಆಚೆ ನಿಂತು, ಕೊಡೆಯ ತುದಿಯಿಂದ ಗಾಳಿಯಲ್ಲಿ ಗೆರೆ ಎಳೆದು, ಬೆನ್ನು ಹೀಗೆ, ಎದೆ ಹೀಗೆ ಎಂದು ತೋರಿಸುತ್ತಿದ್ದರು. ಅವರು ಊರಿನ ಶಾಲೆಯ ಮೇಷ್ಟ್ರು, ಮೈಸೂರಿನಲ್ಲಿ ಓದುವಾಗ ಆಸನ ಕಲಿತು ಬಂದವರು. ನಾನು ಕಳಸದ ಹತ್ತಿರದ ಒಂದು ಎಸ್ಟೇಟಿನಲ್ಲಿ ಮೇಸ್ತ್ರಿ. ಅವರು ಮಡಿಯವರು, ನಾವು ಕೂಲಿ ಲೈನಿನ ಸಾಲುಮನೆಯ ಜನ. ಮಹಾರಾಜರ ಕಾಲ ಅದು. ಆ ದೂರ ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ, ನಾನೂ ಕೇಳಲಿಲ್ಲ.

ನನ್ನ ಕಾಲು ಹೋದದ್ದು ಗಾಡಿಯಿಂದ. ಚಿಕ್ಕಮಗಳೂರಿಗೆ ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಸಾಗಿಸುತ್ತಿದ್ದ ಎತ್ತಿನಗಾಡಿ ಘಾಟಿಯ ತಿರುವಿನಲ್ಲಿ ಮಗುಚಿ, ಮೂಟೆಗಳು ನನ್ನ ಬೆನ್ನಿನ ಮೇಲೆ ಬಿದ್ದವು. ಆಮೇಲೆ ಸೊಂಟದ ಕೆಳಗೆ ಏನೂ ಇಲ್ಲ. ಚಳಿ ಗೊತ್ತಾಗುವುದಿಲ್ಲ, ಇಂಬಳ ಕಚ್ಚಿ ರಕ್ತ ಕುಡಿದು ಉದುರಿಹೋದರೂ ಗೊತ್ತಾಗುವುದಿಲ್ಲ. ತೋಟದ ಒಡೆಯರನ್ನು ನಾವು ಸಾವ್ಕಾರ್ರು ಎನ್ನುತ್ತಿದ್ದೆವು. ಕೆಟ್ಟವರೇನಲ್ಲ. ಅವರು ಬಿಳಿ ದೊರೆಯಿಂದ ತೋಟ ಕೊಂಡಾಗ ಬಂಗಲೆಯ ಸಾಮಾನಿನ ಜೊತೆ ಒಂದು ಗಾಲಿಕುರ್ಚಿಯೂ ಬಂದಿತ್ತು. ದೊರೆಸಾನಿ ಕೊನೆಗಾಲದಲ್ಲಿ ಕೂತದ್ದಂತೆ. ಅದನ್ನು ನನಗೆ ಕೊಡಿಸಿದರು.

“ನೀನು ಅಶಕ್ತ. ಅಶಕ್ತ ಆಗಿರೋವರೆಗೂ ಇದು ನಿನ್ನ ಹತ್ರ ಇರ್ಲಿ,” ಎಂದರು.

ಕಣದ ಪಕ್ಕದ ಕಾಫಿ ಸ್ಟೋರಿನಲ್ಲಿ ಹೆಂಗಸರು ಮೇಜಿನ ಮೇಲೆ ಪಾರ್ಚ್‌ಮೆಂಟ್ ಹರವಿಕೊಂಡು ಕಪ್ಪು ಬೀಜ, ಒಡಕು ಬೀಜ ಆರಿಸಿ ತೆಗೆಯುತ್ತಾರೆ. ಅವರ ಮೇಲೆ ಕಣ್ಣಿಡುವ ಕೆಲಸ ಕೊಟ್ಟರು. ಮೇಜಿಂದ ಮೇಜಿಗೆ ಗಾಲಿ ತಿರುಗಿಸಿಕೊಂಡು ಹೋಗಬೇಕು, ಬೀಜ ಅಂಗೈಗೆ ಹಾಕಿಕೊಂಡು ನೋಡಬೇಕು. ಕುರ್ಚಿ ಇದ್ದರೆ ಮೇಸ್ತ್ರಿ, ಇಲ್ಲದಿದ್ದರೆ ಮೂಲೆಯಲ್ಲಿ ಬಿದ್ದ ಮುದ್ದೆ. ಇದು ನನಗೂ ಗೊತ್ತಿತ್ತು, ನನ್ನ ಹೆಂಡತಿಗೂ ಗೊತ್ತಿತ್ತು.

ಆದರೆ ಕೂರುವುದು ಸುಲಭ ಎಂದು ಎರಡು ಕಾಲಿದ್ದವರು ಮಾತ್ರ ಹೇಳುತ್ತಾರೆ. ಸೊಂಟದಲ್ಲಿ ಹಿಡಿತವಿಲ್ಲದವನು ಹೊತ್ತೇರುವಷ್ಟರಲ್ಲಿ ಮಳೆ ನೆನೆದ ಗೋಣಿಯ ಹಾಗೆ ಕುಸಿಯುತ್ತಾನೆ. ಎದೆ ಹೊಟ್ಟೆಯ ಮೇಲೆ ಕೂರುತ್ತದೆ, ಕಫ ಕಟ್ಟುತ್ತದೆ. ಕುಂಡೆಯಲ್ಲಿ ಹುಣ್ಣು. ಬೆಳಿಗ್ಗೆ ಮಂಚದಿಂದ ಕುರ್ಚಿಗೆ, ಸಂಜೆ ಕುರ್ಚಿಯಿಂದ ಮಂಚಕ್ಕೆ ನನ್ನನ್ನು ಎತ್ತಿ ಹಾಕಿ ಹೆಂಡತಿಯ ಬೆನ್ನೂ ಹೋಗುತ್ತಿತ್ತು. ಅವಳು ಎತ್ತಿ ಹಾಕಿ, ಉಸಿರು ಬಿಟ್ಟು, ಮತ್ತೆ ಕಾಫಿ ಕೊಯ್ಲಿಗೆ ಹೋಗಬೇಕು. ಮೇಷ್ಟ್ರು ಸ್ಟೋರಿನ ಮುಂದಿನ ದಾರಿಯಲ್ಲಿ ಶಾಲೆಗೆ ಹೋಗುವವರು. ಒಂದು ದಿನ ನನ್ನ ಕೆಮ್ಮು ಕೇಳಿ ನಿಂತರು.

“ಹಾಗೆ ಗೂನಿ ಕೂತ್ರೆ ಗಾಳಿ ಎಲ್ಲಿಂದ ಒಳಗೆ ಹೋಗ್ಬೇಕು ಮಾರಾಯ? ನಾನು ಹೇಳಿದ ಹಾಗೆ ಮಾಡ್ತೀಯಾ? ಯೋಗ ಕಲಿಸ್ತೀನಿ.”

“ಕಾಲಿಲ್ದೋನಿಗೆ ಎಂಥ ಯೋಗ ಮೇಷ್ಟ್ರೆ?”

“ಉಸಿರಾಡ್ಲಿಕ್ಕೆ ಕಾಲು ಬೇಕಾ?”

ಆ ಮಾತು ನನಗೆ ಹಿಡಿಸಿತು. ಬೆಳಿಗ್ಗೆ ಹೆಂಗಸರು ಬರುವ ಮೊದಲು ಕಣದ ಮೂಲೆಯಲ್ಲಿ ಶುರು ಮಾಡಿದೆವು. ಇಡೀ ಎಸ್ಟೇಟಿನಲ್ಲಿ ಸ್ಟೋರು ಬಿಟ್ಟರೆ ಗಾಲಿ ಸಲೀಸಾಗಿ ಉರುಳುವ ಜಾಗ ಅದೊಂದೇ, ಉಳಿದದ್ದೆಲ್ಲ ಏರು ಇಳಿವು. ಹೆಂಡತಿ ಹಳೆಯ ಸೀರೆಯಿಂದ ನನ್ನನ್ನು ಎದೆಯ ಕೆಳಗೆ ಕುರ್ಚಿಯ ಬೆನ್ನಿಗೆ ಕಟ್ಟುತ್ತಿದ್ದಳು. ಹಾಗೆ ಕಟ್ಟದೆ ಉಸಿರು ಎಳೆದರೆ ಮೈಯೇ ಮುಂದಕ್ಕೆ ವಾಲುತ್ತಿತ್ತು. ಸೀರೆ ಕಟ್ಟಿದ ಮೇಲೆ ಪಕ್ಕೆಗಳು ಬಟ್ಟೆಯನ್ನು ಒತ್ತುವುದು ತಿಳಿಯುತ್ತದೆ, ಎಷ್ಟು ತುಂಬಿತು ಎಂದು ಅದರಿಂದಲೇ ಲೆಕ್ಕ. ಪೂರಕ, ಕುಂಭಕ, ರೇಚಕ ಎಂದು ಮೇಷ್ಟ್ರು ದೂರದಿಂದ ಕೂಗಿದ ಹಾಗೆ ನಾನು ಎಳೆದು, ಹಿಡಿದು, ಬಿಟ್ಟೆ. ತಿಂಗಳೊಳಗೆ ಕೆಮ್ಮು ಕಡಿಮೆಯಾಯಿತು. ಇಷ್ಟು ಚೆನ್ನಾಗಿಯೇ ನಡೆಯಿತು.

ಕಷ್ಟ ಬಂದದ್ದು ಮೈ ಎತ್ತುವಾಗ. ಎರಡೂ ಕೈಯನ್ನು ಕುರ್ಚಿಯ ತೋಳಿನ ಮೇಲೆ ಊರಿ ಮೈಯನ್ನು ಕೂರುವ ಬೆತ್ತದ ಹೆಣಿಗೆಯ ಮೇಲಿಂದ ಎತ್ತಿ ನಿಲ್ಲಿಸಬೇಕು. ತಕ್ಕಡಿಯ ತಟ್ಟೆಯ ಹಾಗೆ ತೂಗುತ್ತದೆ, ಅದಕ್ಕೆ ತೋಲಾಸನ ಎನ್ನುತ್ತಾರೆ ಎಂದರು ಮೇಷ್ಟ್ರು. ಕಣ ಚಪ್ಪಟೆ ಎಂದು ನೋಡುವವರಿಗೆ ಅನಿಸುತ್ತದೆ. ಆದರೆ ಅಕಾಲದ ಮಳೆ ಬಂದರೆ ನೀರು ನಿಲ್ಲಬಾರದೆಂದು ಒಂದು ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. ನಾನು ಮೈ ಎತ್ತಿದೆ, ಕುರ್ಚಿ ಹೊರಟಿತು. ಸಗಣಿ ಸಾರಿಸಿದ ನೆಲವನ್ನು ಕೆರೆದುಕೊಂಡು ಸೀದಾ ಹೋಗಿ ಪಾರ್ಚ್‌ಮೆಂಟ್ ರಾಶಿಗೆ ನುಗ್ಗಿತು. ಆಗತಾನೆ ಬಂದ ಹೆಂಗಸರು ಬಿದ್ದು ಬಿದ್ದು ನಕ್ಕರು.

“ನಮ್ ಮೇಸ್ತ್ರಿಗೆ ಒಂದು ಗಾಡಿ ಮಗುಚಿದ್ದು ಸಾಕಾಗ್ಲಿಲ್ಲ ಕಣ್ರೇ,” ಎಂದಳೊಬ್ಬಳು.

ನಾನೂ ನಕ್ಕೆ. ಎಸ್ಟೇಟಿನ ರೈಟರ್ರು ಮಾತ್ರ ನಗಲಿಲ್ಲ. ಸಾವ್ಕಾರ್ರ ಪರವಾಗಿ ತೋಟ ನೋಡಿಕೊಳ್ಳುವವರು ಅವರು. ಸಾರಣೆ ಕಿತ್ತ ಕಡೆ ಮಣ್ಣು ಕಾಫಿಗೆ ಹತ್ತುತ್ತದೆ ಎಂದು ಬೈದು ಹೋದರು. ಮರುದಿನದಿಂದ ಗಾಲಿಗಳ ಹಿಂದೆ ಮುಂದೆ ಮರದ ಬೆಣೆ ಕೊಟ್ಟು, ಅವು ಅಲ್ಲಾಡುತ್ತವೆಯೋ ಎಂದು ಗುದ್ದಿ ನೋಡಿ, ಆಮೇಲೆ ಕೈ ಊರುವುದು ಎಂದಾಯಿತು. ಬೆನ್ನು ತಿರುಚುವ ಆಸನಕ್ಕೂ ಬೆಣೆಯೇ ಬೇಕು. ಬಲಗೈಯಿಂದ ಎಡಗಡೆಯ ಗಾಲಿಯ ಅಂಚು ಹಿಡಿದು ಎಳೆದರೆ, ಬೆಣೆ ಇಲ್ಲದಿದ್ದರೆ ಬೆನ್ನು ತಿರುಗುವುದಿಲ್ಲ, ಗಾಲಿ ತಿರುಗುತ್ತದೆ.

ಎರಡನೆಯ ಪೆಟ್ಟು ನಗುವಂಥದಲ್ಲ. ಪದ್ಮಾಸನ ಇಲ್ಲದೆ ಪ್ರಾಣಾಯಾಮ ಪೂರ್ತಿಯಾಗುವುದಿಲ್ಲ ಎಂದು ಮೇಷ್ಟ್ರಿಗೆ ಹಟ. ನನ್ನ ಹೆಂಡತಿಗೆ ಹೇಳಿ ನನ್ನ ಕಾಲುಗಳನ್ನು ಕುರ್ಚಿಯ ಮೇಲೆ ಮಡಿಸಿ ಇಡಿಸಿದರು.

“ನೋವಾದ್ರೆ ಹೇಳು, ಬಿಡಿಸೋಣ,” ಎಂದರು.

ನೋವು ಎಲ್ಲಿಂದ ಬರಬೇಕು? ನಾನು ಕಣ್ಣು ಮುಚ್ಚಿ ಸುಖವಾಗಿ ಉಸಿರಾಡುತ್ತಿದ್ದೆ. ಕುರ್ಚಿಯ ತೋಳಿನ ಕೆಳಗೆ ತುಕ್ಕು ಹಿಡಿದ ಒಂದು ಮೊಳೆ ಹೊರಗೆ ಬಂದಿತ್ತು, ಹಿಮ್ಮಡಿ ಅದರ ಮೇಲೆಯೇ ಕೂತಿತ್ತು. ಹತ್ತಿರ ಬಂದು ಬಗ್ಗಿ ನೋಡಿದ್ದರೆ ಯಾರಿಗಾದರೂ ಕಾಣುತ್ತಿತ್ತು. ಹೆಂಡತಿ ಅವಸರದಲ್ಲಿ ಕಾಲು ಮಡಿಸಿಟ್ಟು ಕೆಲಸಕ್ಕೆ ಓಡುವವಳು, ಮೇಷ್ಟ್ರು ನಿಂತ ಜಾಗದಿಂದ ಕಾಣುತ್ತಿರಲಿಲ್ಲ. ಹಾಗೆ ಎಷ್ಟು ದಿನ ಬೆಳಿಗ್ಗೆ ಕೂತೆನೋ. ಹೆಂಡತಿ ಬೆತ್ತದ ಮೇಲೆ ಕಪ್ಪಾದ ರಕ್ತ ನೋಡುವಷ್ಟರಲ್ಲಿ ಹಿಮ್ಮಡಿಯೊಳಗೆ ಕೀವು ತುಂಬಿತ್ತು.

ಆ ಮಳೆಗಾಲವೆಲ್ಲ ಮಂಚದ ಮೇಲೆ. ಜ್ವರ, ನಡುಕ, ಕಾಂಪೌಂಡರ್ ಬಂದು ಕೊಯ್ದು ತೊಳೆಯುವುದು. ಕಾಲು ತೆಗೆಯಬೇಕಾಗುತ್ತದೋ ಎನ್ನುವ ಮಾತೂ ಬಂತು. ಹೆಂಡತಿ ಬಾಯಿಬಿಟ್ಟು ಬೈದಳು, ನನ್ನನ್ನಲ್ಲ, ಯೋಗವನ್ನು. ಮೇಷ್ಟ್ರು ಒಂದು ದಿನ ಲೈನಿಗೆ ಬಂದು ಜಗಲಿಯ ಕೆಳಗೆ, ಸೂರಿನ ನೀರು ಕೊಡೆಯ ಮೇಲೆ ಬೀಳುತ್ತಿದ್ದರೂ ಅಲ್ಲೇ ನಿಂತರು.

“ನಂಗೆ ಕಾಣ್ಲಿಲ್ಲ ಮಾರಾಯ,” ಎಂದರು. ಕಣ್ಣಲ್ಲಿ ನೀರಿತ್ತು.

“ಕಾಣೋ ಅಷ್ಟು ಹತ್ರ ನೀವು ಬರ್ಲಿಲ್ಲ ಮೇಷ್ಟ್ರೆ,” ಎಂದೆ. ಜ್ವರದ ಬಾಯಿ, ಬಂದುಬಿಟ್ಟಿತು. ಅವರು ಕೊಡೆ ತಗ್ಗಿಸಿಕೊಂಡು ಹೋದರು.

ಹುಣ್ಣು ಮಾಯುವ ಹೊತ್ತಿಗೆ ನಾನು ಯೋಗ ಬಿಡುತ್ತೇನೆ ಎಂದು ಎಲ್ಲರೂ ಅಂದುಕೊಂಡಿದ್ದರು. ಮಲಗಿ ಮಲಗಿ ಮೈ ಮತ್ತೆ ಗೋಣಿಯಾಗಿತ್ತು, ಕೆಮ್ಮು ವಾಪಸು ಬಂದಿತ್ತು. ಬಿಟ್ಟರೆ ಹೀಗೆಯೇ ಸಾಯುತ್ತೇನೆ ಎಂದು ಕಂಡಿತು. ಮೇಷ್ಟ್ರಿಗೆ ಹೇಳಿ ಕಳಿಸಿದೆ: ಕಾಲಿದ್ದವರ ಯೋಗ ನನಗೆ ಬೇಡ, ಪದ್ಮಾಸನ ಬೇಡ, ಕುರ್ಚಿಯಲ್ಲಿ ಎಷ್ಟು ಆಗುತ್ತದೋ ಅಷ್ಟನ್ನು ಕಲಿಸಿ. ಅವರು ಗೊಣಗಿದರು, ಒಪ್ಪಿದರು. ಕುರ್ಚಿಯ ಮೊಳೆಗಳನ್ನು ಆಚಾರಿಯಿಂದ ಹೊಡೆಸಿ, ತೋಳಿಗೂ ಕಾಲಿಡುವ ಹಲಗೆಗೂ ಗೋಣಿ ಸುತ್ತಿಸಿದೆ. ಕೂರುವ ಕಡೆ ಬೂರುಗದ ಹತ್ತಿಯ ದಿಂಬು. ನೋವು ಹೇಳಬೇಕಾದದ್ದನ್ನು ಕಣ್ಣೇ ಹೇಳಬೇಕು ಎಂದು ನಾನೂ ಹೆಂಡತಿಯೂ ಗೊತ್ತುಮಾಡಿಕೊಂಡೆವು. ಅಭ್ಯಾಸಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಅವಳು ಹಿಮ್ಮಡಿ, ಮಂಡಿ, ಕುಂಡೆ ನೋಡುವುದು. ಅವಳು ಇಲ್ಲದಾಗ ಅವಳ ಮುಖ ನೋಡುವ ಕನ್ನಡಿ ಹಿಡಿದು ನಾನು ನೋಡಿಕೊಳ್ಳುವುದು. ಎಲ್ಲಾದರೂ ಕೆಂಪಗೆ ಕಂಡರೆ ಅಂದು ಆ ಕಡೆಗೆ ಭಾರ ಇಲ್ಲ.

ಬೇಸಿಗೆಯ ಹೊತ್ತಿಗೆ ನನ್ನ ತೋಳು ನನಗೇ ಹೊಸದಾಗಿತ್ತು. ಮೈ ಎತ್ತಿ ಒಂದು ದೀರ್ಘ ಉಸಿರು ಪೂರ್ತಿ ಎಳೆದು ಬಿಡುವವರೆಗೆ ಹಾಗೆಯೇ ನಿಲ್ಲಿಸುತ್ತಿದ್ದೆ. ಕೆಲಸದ ನಡುವೆಯೂ ಆಗಾಗ ಎತ್ತಿ ಇಳಿಸುತ್ತಿದ್ದುದರಿಂದ ಹುಣ್ಣು ಮತ್ತೆ ಏಳಲಿಲ್ಲ. ಒಂದು ಸಂಜೆ ಹೆಂಡತಿ ನೀರು ತರಲು ಹೋಗಿದ್ದಾಗ ಕುರ್ಚಿಯನ್ನು ಮಂಚಕ್ಕೆ ಒತ್ತಿ ನಿಲ್ಲಿಸಿ, ಬೆಣೆ ಕೊಟ್ಟು, ಒಂದು ಕೈ ಮಂಚದ ಮೇಲೆ ಒಂದು ಕೈ ಕುರ್ಚಿಯ ಮೇಲೆ ಊರಿ, ಮೈ ಎತ್ತಿ ಪಕ್ಕಕ್ಕೆ ಎಸೆದೆ. ಅವಳು ಬಂದಾಗ ನಾನು ಮಂಚದ ಮೇಲೆ ಕೂತಿದ್ದೆ.

“ಯಾರು ಎತ್ತಿದ್ದು?” ಎಂದಳು.

“ನಾನೇ.”

ಕೊಡ ಕೆಳಗಿಟ್ಟು, ಹೊಸ್ತಿಲ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನ್ನ ಜೀವನದಲ್ಲಿ ಅಷ್ಟು ಸಂತೋಷ ಇನ್ನೊಂದಿಲ್ಲ. ಅದನ್ನು ಈಗಲೂ ಯಾರ ಮುಂದೆಯೂ ಇಲ್ಲ ಎನ್ನುವುದಿಲ್ಲ.

ಮೂಡಿಗೆರೆಯಿಂದ ತಾಲ್ಲೂಕಿನ ಅಮಲ್ದಾರರು ಶಾಲೆ ನೋಡಲು ಬರುತ್ತಾರೆ ಎಂಬ ಸುದ್ದಿ ಬಂದದ್ದು ಆಗ. ಮೇಷ್ಟ್ರಿಗೆ ಶಾಲೆಯಲ್ಲಿ ಯೋಗದ ತರಗತಿ ಮಂಜೂರು ಮಾಡಿಸಿಕೊಳ್ಳಬೇಕು. ಹುಡುಗರ ಆಸನ ಮುಗಿದ ಮೇಲೆ ಕೊನೆಗೆ ನನ್ನನ್ನು ತೋರಿಸುವುದು ಎಂದರು. ತೋರಿಸಲಿ, ನನಗೂ ಹೆಮ್ಮೆಯೇ. ಆಮೇಲೆ ಸಣ್ಣ ದನಿಯಲ್ಲಿ ಇನ್ನೊಂದು ಹೇಳಿದರು.

“ಕಾಲಿಗೆ ಅಡಿಕೆ ಮರದ ದಬ್ಬೆ ಕಟ್ಟಿಸ್ತೀನಿ. ಪಂಚೆ ಒಳಗೆ ಕಾಣೋದಿಲ್ಲ. ನಿಮ್ಮೋರು ಇಬ್ರು ಆಚೀಚೆ ಹಿಡ್ಕೊಳ್ಳಿ. ಒಂದು ಗಳಿಗೆ ನಿಂತ್ರೆ ಸಾಕು ನೀನು.”

“ನಿಲ್ಲೋದು ಕಾಲಾ ದಬ್ಬೆಯಾ ಮೇಷ್ಟ್ರೆ?”

“ಜನಕ್ಕೆ ನಂಬಿಕೆ ಬರ್ಬೇಕಲ್ಲ ಮಾರಾಯ.”

ಆಗುವುದಿಲ್ಲ ಎಂದೆ. ಅವರ ಮುಖ ಸಣ್ಣದಾಯಿತು.

ಅದೇ ವಾರ ರೈಟರ್ರು ಮನೆಗೆ ಬಂದರು. ಸಾವ್ಕಾರ್ರ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದರು. ಸಾವ್ಕಾರ್ರು ತಾಯಿಗಾಗಿ ಕುರ್ಚಿಯ ಮಾತನ್ನು ಎರಡು ಸಲ ಎತ್ತಿದರಂತೆ, ಪಾಪ, ಅಶಕ್ತನ ಹತ್ತಿರ ಹೇಗೆ ಕಿತ್ತುಕೊಳ್ಳುವುದು ಎಂದು ಅವರೇ ಸುಮ್ಮನಾದರಂತೆ.

“ಶಾಲೆಗೆ ಅವ್ರೂ ಬರ್ತಾರೆ,” ಎಂದರು ರೈಟರ್ರು. “ನೀನು ಎಂತ ಮಾಡ್ಬೇಕು ಗೊತ್ತುಂಟಾ? ಉಸಿರು ಗಿಸಿರು ಮಾಡು. ಎತ್ತೋದು ಬೇಡ. ಸ್ವಲ್ಪ ಎತ್ತಿದ ಹಾಗೆ ಮಾಡಿ, ಕೆಮ್ಮಿ, ಕುಸಿದು ಕೂತ್ಕೋ. ಕುರ್ಚಿ ಉಳೀತದೆ.”

ಅತ್ತ ದರಿ ಇತ್ತ ಪುಲಿ. ಒಬ್ಬರಿಗೆ ನಾನು ನಿಲ್ಲಬೇಕು, ಇನ್ನೊಬ್ಬರಿಗೆ ನಾನು ಬೀಳಬೇಕು. ಇದ್ದ ಹಾಗೆ ಇರು ಎಂದವರು ಒಬ್ಬರೂ ಇಲ್ಲ. ಹೆಂಡತಿ ರೈಟರ್ರ ಕಡೆಗೇ ಸೇರಿದಳು.

“ಕುಸಿದು ಕೂರೋದು ನಿಮಗೇನು ಹೊಸದಾ? ಒಂದು ದಿನ ಕೂತ್ರೆ ಗಂಟೇನು ಹೋಗ್ತದೆ?”

“ನೀನು ದಿನಾ ನನ್ನ ಹಿಮ್ಮಡಿ ನೋಡಿದ್ದು, ಸೀರೆ ಕಟ್ಟಿದ್ದು, ಅದೆಲ್ಲ ಎಂಥಕ್ಕೆ? ಕೆಮ್ಮಿ ತೋರಿಸ್ಲಿಕ್ಕಾ?”

“ಕುರ್ಚಿ ಹೋದ್ರೆ?”

“ಅಂಥೋರಲ್ಲ ಸಾವ್ಕಾರ್ರು,” ಎಂದೆ. ಹಾಗೆಂದು ನಂಬಿದ್ದೆ. ಕಾಲು ಸತ್ತದ್ದು ಊರಿಗೆಲ್ಲ ಗೊತ್ತು, ತೋಳು ಬಲವಾದರೆ ಕಾಲು ಬಂದಂತಾಯಿತೇ? ನನಗೆ ಸಿಟ್ಟೂ ಬಂದಿತ್ತು. ಬೇಡಿ ತಿಂದವನ ಹಾಗೆ ಮುಖ ಮಾಡಿ ಕೂರಲು ನಾನೇನು ಕಷ್ಟಪಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡದ್ದು? ಇರುವಷ್ಟು ತೋರಿಸುತ್ತೇನೆ, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ ಎಂದು ಗಟ್ಟಿ ಮಾಡಿಕೊಂಡೆ.

ಶಾಲೆಯ ಅಂಗಳದಲ್ಲಿ ನನ್ನ ಕುರ್ಚಿಯನ್ನು ಉಳಿದವರಿಂದ ಬೇರೆಯಾಗಿ, ಬೇಲಿಯ ಹತ್ತಿರ ನಿಲ್ಲಿಸಿದರು. ಅಮಲ್ದಾರರೂ ಸಾವ್ಕಾರ್ರೂ ಜಗಲಿಯ ಮೇಲೆ. ಹುಡುಗರು ಸೂರ್ಯನಮಸ್ಕಾರ ಹಾಕಿದರು. ಆಮೇಲೆ ಹೆಂಡತಿ ಬಂದು ಬೆಣೆ ಕೊಟ್ಟು ಗುದ್ದಿ ನೋಡಿದಳು, ಸೀರೆ ಬಿಗಿಯಲು ಕೈ ಹಾಕಿದಳು. ಬೇಡ ಎಂದೆ. ಮೊದಲು ಉಸಿರು. ಆಮೇಲೆ ಗಾಲಿಯ ಅಂಚು ಹಿಡಿದು ಎಡಕ್ಕೆ ತಿರುಚಿ, ಬಲಕ್ಕೆ ತಿರುಚಿದೆ. ಕೊನೆಗೆ ಕೈ ಊರಿ, ಗದ್ದ ಎದೆಗೆ ಒತ್ತಿ, ಎತ್ತಿದೆ. ಕಾಲುಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು, ಮೈ ಅಲುಗಾಡಲಿಲ್ಲ. ಉಸಿರು ಎಳೆದೆ, ಬಿಟ್ಟೆ, ಇನ್ನೊಂದು ಎಳೆದೆ. ನಿಧಾನವಾಗಿ ಇಳಿದೆ.

“ಶಹಬ್ಬಾಸ್,” ಎಂದರು ಅಮಲ್ದಾರರು.

ಮೇಷ್ಟ್ರು ತಡೆದುಕೊಳ್ಳಲಿಲ್ಲ. “ಬರುವ ವರ್ಷ ತಾವು ಬರುವಷ್ಟರಲ್ಲಿ ಎದ್ದು ನಿಲ್ಲುತ್ತಾನೆ ಸ್ವಾಮಿ,” ಎಂದರು.

“ಇಲ್ಲ ಬುದ್ಧಿ,” ಎಂದೆ ನಾನು, ಬೇಲಿಯ ಕಡೆಯಿಂದ, ಎಲ್ಲರಿಗೂ ಕೇಳುವ ಹಾಗೆ. “ನಿಲ್ಲೋದಿಲ್ಲ. ಕಾಲು ಸತ್ತು ಹೋಗಿದೆ. ಕುರ್ಚಿ ಇದ್ರೆ ಕೂರ್ತೀನಿ, ಕೂತ್ರೆ ಕೆಲಸ ಮಾಡ್ತೀನಿ. ಇಷ್ಟೇ ಬುದ್ಧಿ.”

ಅಮಲ್ದಾರರು ನಕ್ಕರು. “ಎಂಥ ವಿನಯ ನೋಡಿ,” ಎಂದು ಸಾವ್ಕಾರ್ರ ಕಡೆ ತಿರುಗಿದರು. “ನಿಮ್ಮ ಆಳು ಹುಲಿ ಕಣ್ರೀ. ಇವನನ್ನ ಅಶಕ್ತ ಅಂತ ಯಾರು ಹೇಳ್ತಾರೆ?”

ಸಾವ್ಕಾರ್ರು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹೊತ್ತುಕೊಂಡಿದ್ದ ಏನನ್ನೋ ಇಳಿಸಿದವರ ಹಾಗೆ ಹಗುರಾಗಿದ್ದರು.

ಮರುದಿನ ಅವರೇ ಸ್ಟೋರಿಗೆ ಬಂದರು. ಹಿಂದೆ ಇಬ್ಬರು ಆಳು.

“ನಿಂಗೆ ಕೈಯಾದ್ರೂ ಉಂಟು ಮಾರಾಯ. ನಿನ್ನೆ ನೋಡಿದ್ನಲ್ಲ, ಭೇಷ್. ಅಮ್ಮಂಗೆ ಅದೂ ಇಲ್ಲ,” ಎಂದರು. ಕೊಟ್ಟ ದಿನ ಹೇಳಿದ್ದನ್ನು ನೆನಪು ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ನಾನು ಬಾಯಿ ಬಿಡುವ ಮೊದಲೇ ಆಳುಗಳು ಕಂಕುಳಿಗೆ ಕೈ ಹಾಕಿ ನನ್ನನ್ನು ಗೋಣಿಯ ಮೇಲೆ ಕೂರಿಸಿದರು. ಹೆಂಗಸರು ಆರಿಸುವುದನ್ನು ನಿಲ್ಲಿಸಿ ನೋಡಿದರು. ಅವತ್ತು ಯಾರೂ ನಗಲಿಲ್ಲ.

ನೆಲದ ಮೇಲೆ ಕೂತವನಿಗೆ ಮೇಜಿನ ಮೇಲಿನ ಕಾಫಿ ಕಾಣುವುದಿಲ್ಲ. ಮೇಸ್ತ್ರಿ ಕೆಲಸ ಇನ್ನೊಬ್ಬನಿಗೆ ಹೋಯಿತು. ನನಗೆ ಒಂದು ಮೊರ ಕೊಟ್ಟು ಹೆಂಗಸರ ಸಾಲಿನ ಕೊನೆಯಲ್ಲಿ, ಹೆಂಗಸರ ಕೂಲಿಗೆ, ಬೀಜ ಆರಿಸಲು ಕೂರಿಸಿದರು. ಲೈನಿನಿಂದ ಸ್ಟೋರಿಗೆ ಕೈ ಊರಿ, ಕುಂಡೆಗೆ ಗೋಣಿ ಕಟ್ಟಿಕೊಂಡು, ಕಣದ ಮೇಲೆ ತೆವಳಿ ಹೋಗುತ್ತಿದ್ದೆ. ಅದಕ್ಕೆ ತೋಳಿನಲ್ಲಿ ಬಲ ಬೇಕಾದಷ್ಟಿತ್ತು. ಈ ತೋಳಿಲ್ಲದಿದ್ದರೆ ಕುರ್ಚಿ ಇರುತ್ತಿತ್ತು ಎಂದು ಪ್ರತಿ ಸಲ ಕೈ ಊರಿದಾಗಲೂ ಅನಿಸುತ್ತಿತ್ತು. ಹುಣ್ಣು ಮತ್ತೆ ಎದ್ದಿತು.

ಬಂಗಲೆಯಲ್ಲಿ ಕುರ್ಚಿಯನ್ನು ಗಂಜಲ ಹಾಕಿ ತೊಳೆದು, ಬಿಸಿಲಿಗಿಟ್ಟು, ಬೆತ್ತ ಬದಲಿಸಿದರಂತೆ. ಆದರೂ ಅಮ್ಮ ಅದನ್ನು ನೋಡಿ ಮುಖ ತಿರುಗಿಸಿದರಂತೆ. “ಲೈನಿನೋನು ಕೂತ ಕುರ್ಚೀಲಿ ನಾನು ಕೂರ್ಬೇಕಾ? ಮಲಗೇ ಸಾಯ್ತೀನಿ,” ಎಂದರಂತೆ. ಅವರು ಮಲಗಿಯೇ ಸತ್ತರು. ದನ ತಿನ್ನುವ ದೊರೆಸಾನಿ ವರ್ಷಗಟ್ಟಲೆ ಕೂತದ್ದು ಯಾರಿಗೂ ಮೈಲಿಗೆಯಾಗಿರಲಿಲ್ಲ. ಅಷ್ಟಾದ ಮೇಲಾದರೂ ಕುರ್ಚಿ ನನಗೆ ಬರುತ್ತದೆ ಎಂದುಕೊಂಡೆ. ರೈಟರ್ರು ಒಳ್ಳೆಯ ಮನುಷ್ಯ, ನನಗಾಗಿ ಹೋಗಿ ಕೇಳಿದರು.

“ಅಮಲ್ದಾರರ ಮುಂದೆ ಗುಣ ಆದೋನಿಗೆ ಮತ್ತೆ ಕುರ್ಚಿ ಕೊಟ್ರೆ ಜನ ಎಂತ ಹೇಳ್ತಾರೆ?” ಎಂದರಂತೆ ಸಾವ್ಕಾರ್ರು. ಗುಣವಾಗಿಲ್ಲ ಎಂದು ನಾನೇ ಅಷ್ಟು ಜನರ ಮುಂದೆ ಕೂಗಿ ಹೇಳಿದ್ದೆ. ಅದು ವಿನಯ ಎಂದು ತೀರ್ಮಾನವಾಗಿತ್ತಲ್ಲ.

ಮೇಷ್ಟ್ರಿಗೆ ಯೋಗದ ತರಗತಿ ಸಿಕ್ಕಿತು, ಮೂಡಿಗೆರೆಗೆ ವರ್ಗವೂ ಆಯಿತು. ಹೋಗುವ ದಿನ ಬಂದು ಕಣದ ಅಂಚಿನಲ್ಲಿ ನಿಂತು, ನಿನ್ನಿಂದ ನನಗೆ ಒಳ್ಳೆಯದಾಯಿತು ಮಾರಾಯ ಎಂದರು. ಮನಸ್ಸಿನಿಂದಲೇ ಹೇಳಿದರು. ನಾನು ಮೊರದಲ್ಲಿದ್ದ ಬೀಜ ಆರಿಸುತ್ತಲೇ ಇದ್ದೆ.

ಗುಣವಾದ ಸುದ್ದಿ ಮಾತ್ರ ಬೆಟ್ಟ ಹತ್ತಿ ಇಳಿದು ಊರೂರಿಗೆ ಹೋಯಿತು. ಒಂದು ದಿನ ದೇವರಮನೆ ಕಡೆಯಿಂದ ಒಬ್ಬ ಹೆಂಗಸು ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು. ಮಗಳು ಮದುವೆಯ ವಯಸ್ಸಿನವಳು, ಚಿಕ್ಕಂದಿನ ಜ್ವರದಲ್ಲಿ ಕಾಲು ಹೋದದ್ದು. ಅವರೂರ ಪಟೇಲರು ಕನಿಕರಪಟ್ಟು ಗಾಲಿ ಹಾಕಿದ ಹಲಗೆಯೊಂದನ್ನು ಮಾಡಿಸಿಕೊಟ್ಟು, ತಮ್ಮ ಮನೆಯ ಮೆಣಸು ಹಸನು ಮಾಡುವ ಕೆಲಸ ಕೊಟ್ಟಿದ್ದರಂತೆ. ಇಲ್ಲ ಎನ್ನಲಾಗಲಿಲ್ಲ. ಲೈನಿನ ಮನೆಯಲ್ಲಿ ಉಳಿಸಿಕೊಂಡು ಕಲಿಸಿದೆವು. ಬೆಣೆ ಕೊಡುವುದು, ಸೀರೆ ಕಟ್ಟುವುದು, ಕನ್ನಡಿಯಲ್ಲಿ ಮೈ ನೋಡಿಕೊಳ್ಳುವುದು. ಹುಡುಗಿ ಚುರುಕು. ಹೊರಡುವ ಬೆಳಿಗ್ಗೆ ಕೈ ಊರಿ ಮೈ ಎತ್ತಿ, ಉಸಿರು ಬಿಟ್ಟು, ನನ್ನನ್ನು ನೋಡಿ ನಕ್ಕಳು.

“ಪಟೇಲ್ರಿಗೆ ತೋರಿಸ್ತೀನಿ,” ಎಂದಳು.

“ತೋರಿಸ್ಬೇಡ,” ಎಂದೆ. “ಮನೇಲಿ ಬಾಗ್ಲು ಹಾಕ್ಕೊಂಡು ಮಾಡು, ದಿನಾ ಮಾಡು. ಪಟೇಲ್ರು ಬಂದಾಗ ಮಾತ್ರ ಕೈಲಾಗ್ದೋಳ ಹಾಗೆ ಕೂತಿರು.”

ಅವಳ ನಗು ನಿಂತಿತು. “ಕೈಲಾಗ್ದೋಳ ಹಾಗೆ ಅಂದ್ರೆ ಹೆಂಗೆ ಕೂರೋದು?” ಎಂದಳು.

ಹೆಗಲು ಇಳಿಬಿಡಬೇಕು, ಗದ್ದ ಕೆಳಗೆ ಹಾಕಬೇಕು, ಉಸಿರನ್ನು ಎದೆಯ ಮೇಲೇ ಹಿಡಿದು ಆಗಾಗ ಕೆಮ್ಮಬೇಕು. ಅವಳ ಬೆನ್ನು ಬಗ್ಗುತ್ತಿರಲಿಲ್ಲ, ಅಷ್ಟು ಚೆನ್ನಾಗಿ ನೆಟ್ಟಗಾಗಿತ್ತು. ಸರಿಯಾಗಿ ಬರುವವರೆಗೂ ಕೂರಿಸಿಕೊಂಡು ಅದನ್ನೂ ಕಲಿಸಿ ಕಳಿಸಿದೆ.